ಅಳಿವೆಯಿಂದ ತಂದ ನೀರು

ಸಫಿಯಾಳ ಮೀನುಗಳನ್ನು ಕೊಂದದ್ದು ನಾನು. ಎಂಟು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ಕೊಡಿಯಾಲ್‌ಬೈಲಿನ ಒಂದು ಫ್ಲ್ಯಾಟಿನಲ್ಲಿ. ಕೊಂದದ್ದಲ್ಲದೆ ಆ ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಅವಳ ಮಾವನ ಎದುರು, ಅತ್ತೆಯ ಎದುರು, ಗಲ್ಫಿನ ದಮ್ಮಾಮಿನಿಂದ ಮೊಬೈಲಿನಲ್ಲಿ ಮುಖ ತೋರಿಸುತ್ತಿದ್ದ ಗಂಡನ ಎದುರು — ಇದು ನಿಮ್ಮ ಕೈಯಿಂದ ಆದದ್ದು ಎಂದೆ. ಅದು ಸುಳ್ಳು ಅಂತ ಹೇಳುವಾಗಲೇ ನನಗೆ ಗೊತ್ತಿತ್ತು.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನಾನು ಮಳೆಯ ಕಥೆ, ಬೋಟಿನ ಕಥೆ, ನನ್ನ ಕಷ್ಟದ ಕಥೆ ಎಲ್ಲ ಹೇಳಿ ಹೇಳಿ, ಕೊನೆಗೆ 'ಪಾಪ, ಅವನಾದರೂ ಎಂತ ಮಾಡ್ತಾನೆ' ಎಂದು ನೀವೇ ಹೇಳುವ ಹಾಗೆ ಮಾಡಿಬಿಡುತ್ತೇನೆ. ನನ್ನ ಬಾಯಿಯ ಗುಣ ನನಗೆ ಗೊತ್ತುಂಟು ಮಾರಾಯ್ರೆ. ಇಷ್ಟು ವರ್ಷ ಅದೇ ಬಾಯಿಯಲ್ಲಿ ಹೊಟ್ಟೆ ಹೊರೆದವನು.

ನನ್ನ ಹೆಸರು ವಸಂತ. ಮನೆಗಳಲ್ಲಿ ಕಡಲ ಮೀನಿನ ಟ್ಯಾಂಕ್ ಇಟ್ಟವರಿಗೆ ಸಮುದ್ರದ ನೀರು ತಂದುಕೊಡುವುದು, ಟ್ಯಾಂಕ್ ನೋಡಿಕೊಳ್ಳುವುದು ನನ್ನ ಕೆಲಸ. ಸಫಿಯಾ ನನಗಿಂತ ಇಪ್ಪತ್ತು ವರ್ಷ ಸಣ್ಣವಳು. ಎದುರಿಗೆ 'ನೀವು' ಎನ್ನುತ್ತೇನೆ, ಗಿರಾಕಿ ಮನೆಯ ಸೊಸೆಯಲ್ಲವಾ. ಬರೆಯುವಾಗ 'ಅವಳು' ಎಂದೇ ಬರುತ್ತದೆ, ತಂಗಿಯ ಹಾಗೆ. ಅವಳು ನನ್ನನ್ನು ವಸಂತಣ್ಣ ಎಂದೇ ಕರೆಯುವುದು. ಈಗಲೂ ಹಾಗೇ ಕರೆಯುತ್ತಾಳೆ, ಅದೇ ಒಂದು ಸಂಕಟ.

ಹೊಸದಾಗಿ ಟ್ಯಾಂಕ್ ಇಟ್ಟವರು ಮೀನನ್ನು ನೋಡುತ್ತಾ ಕೂರುತ್ತಾರೆ. ಆದರೆ ಸಾಕಲಿಕ್ಕಿರುವುದು ನೀರನ್ನು. ಮೀನು ತಿನ್ನುವುದೂ ಅದರಲ್ಲೇ, ಹೇಲುವುದೂ ಅದರಲ್ಲೇ. ಅದು ಅಮೋನಿಯಾ ಆಗುತ್ತದೆ, ಅಮೋನಿಯಾ ಅಂದರೆ ಮೀನಿಗೆ ವಿಷ. ಕಲ್ಲಿನಲ್ಲಿ, ಮರಳಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವು ಆ ವಿಷವನ್ನು ತಿಂದು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ವಾರವಾರ ಹತ್ತರಲ್ಲೊಂದು ಪಾಲು ನೀರು ತೆಗೆದು ಹೊಸ ನೀರು ಹಾಕಬೇಕು. ಆವಿಯಾಗಿ ನೀರು ಇಳಿದರೆ ಮಾತ್ರ ಸಿಹಿನೀರು ಸೇರಿಸಬೇಕು, ಉಪ್ಪು ಆವಿಯಾಗುವುದಿಲ್ಲವಲ್ಲ. ಸಾವಿರ ಪಾಲಿಗೆ ಮೂವತ್ತೈದು ಪಾಲು ಉಪ್ಪು, ಅಷ್ಟೇ ಇರಬೇಕು. ಒಂದೆರಡು ಹೆಚ್ಚುಕಡಿಮೆ ನಡೆಯುತ್ತದೆ, ಅದೂ ನಿಧಾನ ಆದರೆ. ಇದನ್ನೆಲ್ಲ ನಾನು ನೂರು ಮನೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಹೇಳಿದ್ದೇನೆ. ಗೊತ್ತಿಲ್ಲದೆ ಮಾಡಿದ್ದು ಅಂತ ಹೇಳಲಿಕ್ಕೆ ನನಗೆ ಜಾಗವೇ ಇಲ್ಲ.

ಬೇರೆ ಊರಿನವರು ಅಂಗಡಿಯಿಂದ ಉಪ್ಪಿನ ಪುಡಿ ತಂದು ಶುದ್ಧ ನೀರಿಗೆ ಬೆರೆಸಿ ಸಮುದ್ರ ಮಾಡುತ್ತಾರೆ. ನಮಗೆ ಮಂಗಳೂರಿನವರಿಗೆ ಅದು ಕುಶಾಲಿನ ವಿಷಯ — ಕಡಲು ಕಾಲಬುಡದಲ್ಲಿಟ್ಟುಕೊಂಡು ಉಪ್ಪು ಕಲಕುವುದಾ! ನನ್ನ ಹೆಚ್ಚುಗಾರಿಕೆಯೇ ಅದು. ಮೀನಿನ ಬೋಟು ನಿಲ್ಲುವ ಧಕ್ಕೆಯಲ್ಲಿ ನನಗೆ ಬೋಟಿನವರ ಪರಿಚಯ ಉಂಟು. ಅವರು ದೂರ ಹೋದಲ್ಲಿ, ನೀರು ನೀಲಿ ಇರುವ ಕಡೆ, ನನ್ನ ಕ್ಯಾನುಗಳನ್ನು ತುಂಬಿಸಿ ತರುತ್ತಿದ್ದರು. 'ಆಳಸಮುದ್ರದ ನೀರು' ಎಂದು ನಾನು ಹೇಳುವಾಗ ಗಿರಾಕಿಗಳ ಮುಖ ಅರಳುತ್ತಿತ್ತು.

ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳಿಗೆ ರಜೆ. ಮೀನು ಮೊಟ್ಟೆಯಿಡುವ ಕಾಲ, ಕಡಲಿಗಿಳಿಯಬಾರದೆಂದು ಕಾನೂನು. ಆದ್ದರಿಂದ ಮೇ ತಿಂಗಳ ಕೊನೆಗೇ ಎರಡು ತಿಂಗಳಿಗಾಗುವಷ್ಟು ನೀರು ತರಿಸಿ, ನನ್ನ ಶೆಡ್ಡಿನಲ್ಲಿ ಬೆಳಕು ಬೀಳದ ಕಪ್ಪು ಡ್ರಮ್ಮುಗಳಲ್ಲಿ ತುಂಬಿಸಿಡುತ್ತಿದ್ದೆ. ಆ ವರ್ಷ ಲೆಕ್ಕ ತಪ್ಪಿತು. ತಪ್ಪಿತು ಎಂದರೆ ನಾನೇ ತಪ್ಪಿಸಿದ್ದು. ಒಂದು ಹೋಟೆಲಿನ ದೊಡ್ಡ ಟ್ಯಾಂಕ್ ಸಿಕ್ಕಿತು ಅಂತ ಎದೆ ಉಬ್ಬಿಸಿ ಒಪ್ಪಿಕೊಂಡೆ. ಮನೆಗಳಿಗೆಂದು ಇಟ್ಟ ನೀರೆಲ್ಲ ಆ ಹೋಟೆಲಿನ ಹೊಟ್ಟೆಗೆ ಹೋಯಿತು. ಜುಲೈ ಶುರುವಿಗೇ ನನ್ನ ಡ್ರಮ್ಮುಗಳು ತಳ ಕಂಡವು.

ಈಗ ಸಫಿಯಾಳ ಟ್ಯಾಂಕಿನ ವಿಷಯ.

ಟ್ಯಾಂಕ್ ತಂದದ್ದು ಅವಳ ಮಾವ, ಖಾದರಾಕ. ಜವಳಿ ವ್ಯಾಪಾರ ಅವರದ್ದು, ಒಳ್ಳೆಯ ಜನ, ಮಾತು ಕಡಿಮೆ. ಮನೆಗೆ ಬಂದವರು ನೋಡಿ ಚಂದ ಅನ್ನಲಿ ಅಂತ ನಾಲ್ಕಡಿ ಉದ್ದದ ಟ್ಯಾಂಕ್ ಕೂರಿಸಿದರು. ಎರಡು ತಿಂಗಳಲ್ಲಿ ಅವರ ಉಮೇದು ಮುಗಿಯಿತು. ನೋಡಿಕೊಳ್ಳುವುದು ಸೊಸೆಯ ಪಾಲಿಗೆ ಬಂತು. ಅವಳು ಬಲ್ಮಠದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು, ಮದುವೆಯಾಗಿ ಓದು ಅಲ್ಲಿಗೇ ನಿಂತಿತ್ತು. ಗಂಡ ಜಮಾಲ್ ಗಲ್ಫಿನಲ್ಲಿ. ಟ್ಯಾಂಕ್ ಕೂರಿಸಿದ ಮೊದಲ ದಿನವೇ ನಾನು ನೀರಿನ ಪಾಠ ಒಪ್ಪಿಸಲಿಕ್ಕೆ ಶುರು ಮಾಡಿದರೆ, ಅವಳು ನಡುವೆ ನಿಲ್ಲಿಸಿ, "ಹಾಗಾದ್ರೆ ಮೊದಲ ತಿಂಗಳು ಮೀನೇ ಹಾಕ್ಬಾರ್ದಲ್ವಾ ವಸಂತಣ್ಣ, ಆ ಜೀವಿಗಳು ತಯಾರಾಗುವವರೆಗೆ?" ಎಂದು ಕೇಳಿದಳು. ನಾನು ಪೆಚ್ಚಾದೆ. ಯಾಕೆಂದರೆ ನಾನು ಅವತ್ತೇ ಮೀನು ತಂದಿದ್ದೆ, ವ್ಯಾನಿನಲ್ಲಿತ್ತು.

ತಿಂಗಳು ಕಳೆದ ಮೇಲೆ ಒಳಗೆ ಬಿಟ್ಟದ್ದು ಒಂದು ಜೋಡಿ ಕ್ಲೌನ್ ಮೀನು, ಕೇಸರಿ ಮೈಗೆ ಬಿಳಿ ಪಟ್ಟಿಯವು. ಅವು ವಾಸಮಾಡುವ ಅನಿಮೋನ್ — ನೋಡಲಿಕ್ಕೆ ಹೂವು, ಆದರೆ ಪ್ರಾಣಿ, ಒಂದು ಕಲ್ಲಿಗಂಟಿ ಸಾವಿರ ಬೆರಳು ಆಡಿಸಿಕೊಂಡು ನಿಂತಿರುತ್ತದೆ. ಎರಡು ಸಿಗಡಿ, ಕೆಲವು ಶಂಖದ ಹುಳ. ಅಷ್ಟೇ ಇದ್ದದ್ದು. 'ಇನ್ನೂ ನಾಲ್ಕು ಮೀನು ಹಾಕುವ' ಎಂದು ಮಾವ ಹೇಳಿದಾಗಲೂ ಸಫಿಯಾ ಬೇಡವೆಂದಳು. ದಿನಾ ಬೆಳಿಗ್ಗೆ ಸಣ್ಣ ದುರ್ಬೀನಿನಂಥ ಮೀಟರಿಗೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದು ಉಪ್ಪು ನೋಡುವಳು. ನೋಟುಪುಸ್ತಕದಲ್ಲಿ ಬರೆಯುವಳು. ಟ್ಯಾಂಕಿಗೆ ಕೈಹಾಕುವ ಮೊದಲು ಮೊಣಕೈವರೆಗೆ ತೊಳೆಯುವಳು. ಹೊಸ ಮೀನು, ಹೊಸ ಕಲ್ಲು ಏನೇ ಬಂದರೂ ಮೂರು ವಾರ ಬೇರೆ ನೀರಿನಲ್ಲಿಟ್ಟು, ರೋಗ ಇಲ್ಲವೆಂದು ನೋಡಿಯೇ ಒಳಗೆ ಬಿಡುವಳು. ನಾನು ಕಲಿಸಿದ್ದು ಅರ್ಧ, ಉಳಿದದ್ದು ಅವಳೇ ಓದಿ ತಿಳಿದದ್ದು.

ಮಾರ್ಚ್‌ನಲ್ಲಿ ಆ ಜೋಡಿ ಮೊಟ್ಟೆಯಿಟ್ಟಿತು. ನಿಮಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಹದಿನೈದು ವರ್ಷದಿಂದ ಈ ಕೆಲಸದಲ್ಲಿದ್ದ ನನ್ನ ಕೈಯಲ್ಲಿ ಒಂದೇ ಒಂದು ಕ್ಲೌನ್ ಮರಿ ಬದುಕಿರಲಿಲ್ಲ. ಮರಿ ಕೂದಲೆಳೆಯಷ್ಟು, ಅದರ ಬಾಯಿಗೆ ಹಿಡಿಯುವ ಆಹಾರ ಬೇಕೆಂದರೆ ಪಾಚಿಯ ಹಸಿರು ನೀರು ಬೆಳೆಸಿ, ಅದರಲ್ಲಿ ಕಣ್ಣಿಗೆ ಕಾಣದಂಥ ಹುಳ ಬೆಳೆಸಬೇಕು. ಅವಳು ಬಾಲ್ಕನಿಯಲ್ಲಿ ಬಾಟಲಿ ಸಾಲು ಇಟ್ಟು ಬೆಳೆಸಿದಳು. ಮೊದಲ ಸಲದ ಮರಿಗಳೆಲ್ಲ ಸತ್ತವು. ಎರಡನೇ ಸಲವೂ ಸತ್ತವು. ಮೂರನೇ ಸಲ ನಲ್ವತ್ತೊಂದು ಮರಿ ಉಳಿದವು. ಜುಲೈ ಹೊತ್ತಿಗೆ ಬೆರಳಿನ ಉಗುರಿನಷ್ಟಾಗಿ, ಮೈಮೇಲೆ ಪಟ್ಟಿ ಮೂಡಿ, ದೊಡ್ಡ ಟ್ಯಾಂಕಿನ ಪಕ್ಕದ ಸಣ್ಣ ಟ್ಯಾಂಕಿನಲ್ಲಿ ಓಡಾಡುತ್ತಿದ್ದವು. ಎರಡಕ್ಕೂ ಒಂದೇ ನೀರು, ಪಂಪಿನಲ್ಲಿ ಸುತ್ತುವುದು.

ಖಾದರಾಕ ನನ್ನ ಎದುರೇ ಅವಳಿಗೆ ಮಾತು ಕೊಟ್ಟಿದ್ದರು. ಈ ಮರಿಗಳು ಮಾರುವಷ್ಟು ದೊಡ್ಡದಾದರೆ, ಅಂಗಡಿಯ ಹಿಂದಿನ ಕೋಣೆ ಅವಳಿಗೆ. ಅಲ್ಲಿ ಅವಳು ಟ್ಯಾಂಕುಗಳನ್ನಿಟ್ಟು ಮರಿ ಮಾಡಬಹುದು, ಅವಳದ್ದೇ ಕೆಲಸ, ಅವಳದ್ದೇ ಹೆಸರು. ಅವತ್ತು ಸಫಿಯಾಳ ಮುಖ ನೋಡಬೇಕಿತ್ತು ನೀವು. ಅವಳು ಕೋಣೆಯ ನಕ್ಷೆ ಬರೆದು ನನಗೆ ತೋರಿಸಿದ್ದಳು, ಯಾವ ಗೋಡೆಗೆ ಯಾವ ಟ್ಯಾಂಕ್ ಅಂತ. ಇನ್ನೊಂದು ತಿಂಗಳು ಅಷ್ಟೇ ಬಾಕಿ ಇತ್ತು.

ಆ ಜುಲೈಯಲ್ಲಿ ಮೂರು ವಾರ ನಾನು ಅವಳ ಮನೆಗೆ ಹೋಗಲಿಲ್ಲ. ಮಳೆ ಜೋರು, ವ್ಯಾನು ಕೆಟ್ಟಿದೆ, ಜ್ವರ — ದಿನಕ್ಕೊಂದು ಸುಳ್ಳು. ನೀರು ಇರಲಿಲ್ಲ, ಅದು ನಿಜ. ಅವಳು ಫೋನು ಮಾಡಿದಳು.

"ನೈಟ್ರೇಟ್ ಏರ್ತಾ ಉಂಟು ವಸಂತಣ್ಣ. ನಿಮಗೆ ಕಷ್ಟ ಆದ್ರೆ ನಾನು ಉಪ್ಪಿನ ಪುಡಿ ತರಿಸಿ ಬೆರೆಸ್ಲಾ?"

ಹೂಂ ಅನ್ನಬಹುದಿತ್ತು. ಒಂದು ಹೂಂ! ಅಷ್ಟಕ್ಕೇ ಎಲ್ಲ ಉಳಿಯುತ್ತಿತ್ತು. ನಾನು ಹೇಳಿದ್ದೆಂತ ಗೊತ್ತುಂಟಾ? "ಅಂಗಡಿ ಉಪ್ಪಲ್ಲಿ ಮರಿ ಬದುಕ್ತದಾ? ಕಡಲಿನವು ಕಡಲ ನೀರಲ್ಲೇ ಇರ್ಬೇಕು. ನಾಳೆ ತರ್ತೇನೆ, ಮಂಡೆಬೆಚ್ಚ ಮಾಡ್ಬೇಡಿ." ಅವಳು ಪುಡಿ ಬೆರೆಸಲಿಕ್ಕೆ ಕಲಿತರೆ ನನ್ನ ಅಗತ್ಯ ಮುಗಿಯಿತು ಎಂದು ನನಗೆ ಭಯ. ಭಯ ಮಾತ್ರವಾ? ಅದನ್ನು ಮುಂದೆ ಹೇಳುತ್ತೇನೆ.

ಮರುದಿನ, ಮಂಗಳವಾರ, ಕ್ಯಾನುಗಳನ್ನು ವ್ಯಾನಿಗೆ ಹಾಕಿಕೊಂಡು ಪಣಂಬೂರು ಬೀಚಿಗೆ ಹೋದೆ. ಮಳೆಗಾಲದಲ್ಲಿ ಅಲ್ಲಿ ನೀರಿಗಿಳಿಯಲು ಬಿಡುವುದಿಲ್ಲ, ಹಗ್ಗ ಕಟ್ಟಿರುತ್ತಾರೆ. ಮೊಣಕಾಲಷ್ಟು ಇಳಿದದ್ದೇ ತಡ, ಕಾವಲಿನವರು ಸೀಟಿ ಊದಿ ಬೊಬ್ಬೆ ಹಾಕಿದರು. ಅಲ್ಲಿಂದ ತಿರುಗಿಸಿಕೊಂಡು ಅಳಿವೆಯ ಕಡೆ ಹೋದೆ. ಅಳಿವೆ ಅಂದರೆ ನಮ್ಮ ಹೊಳೆಗಳು ಕಡಲಿಗೆ ಸೇರುವ ಬಾಯಿ. ಘಟ್ಟದ ನೀರೆಲ್ಲ ಕೆಂಪಗೆ ಇಳಿದುಬರುವ ಕಾಲ. ಆ ಜಾಗದಲ್ಲಿ ಆ ತಿಂಗಳಲ್ಲಿ ಕಡಲು ಕಡಲಾಗಿರುವುದಿಲ್ಲ, ಸಣ್ಣ ಮಕ್ಕಳಿಗೂ ಗೊತ್ತು. ನಾನು ಭರತದ ಹೊತ್ತು ನೋಡಿ, ಕಡಲ ನೀರು ಒಳಗೆ ನುಗ್ಗುತ್ತದೆ, ಸಾಕು ಅಂದುಕೊಂಡೆ. ಬೊಗಸೆಯಲ್ಲಿ ತೆಗೆದು ನಾಲಗೆಗೆ ಹಾಕಿದೆ. ಉಪ್ಪುಂಟು.

ಇದು ನಮ್ಮ ಕರಾವಳಿಯವರ ಅಹಂಕಾರ. ಕಡಲ ಗಾಳಿ ಕುಡಿದು ಬೆಳೆದವನಿಗೆ ಮೀಟರ್ ಎಂತಕ್ಕೆ, ನಾಲಗೆ ಇಲ್ಲವಾ! ನಾಲಗೆಗೆ ಹದಿನೆಂಟೂ ಉಪ್ಪು, ಮೂವತ್ತೈದೂ ಉಪ್ಪು. ವ್ಯಾನಿನ ಡಬ್ಬದಲ್ಲಿ ನನ್ನ ಮೀಟರ್ ಇತ್ತು. ತೆಗೆಯಲಿಲ್ಲ. ತೆಗೆದರೆ ಎಷ್ಟು ತೋರಿಸುತ್ತದೆಂದು ಒಳಗೆ ಎಲ್ಲೋ ಗೊತ್ತಿತ್ತು, ಅದಕ್ಕೇ ತೆಗೆಯಲಿಲ್ಲ. ಆ ನೀರನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿದೆ, ಕೆಸರು ಹೋಯಿತು, ತಿಳಿಯಾಗಿ ಕಂಡಿತು.

ಸಫಿಯಾ ಕ್ಯಾನು ನೋಡಿದಳು. ಮೀಟರ್ ಅವಳ ಕೈಯಲ್ಲೇ ಇತ್ತು. "ಹಾಕುವ ಮೊದಲು ಒಮ್ಮೆ ನೋಡುವಾ ವಸಂತಣ್ಣ?"

ನಾನು ಮುಖ ಸಿಂಡರಿಸಿದೆ. "ನನ್ನ ನೀರನ್ನು ಅಳೆಯುವುದಾ? ನೀವು ಹುಟ್ಟುವ ಮೊದಲಿಂದ ನಾನು ಈ ಕಡಲು ನೋಡಿದವ."

ಪಾಪದ ಹುಡುಗಿ, ನಾಚಿಕೊಂಡು ಮೀಟರನ್ನು ಡಬ್ಬಿಗೆ ಹಾಕಿಟ್ಟಳು. ಹಿರಿಯವರ ಮಾತಿಗೆ ಎದುರಾಡಬಾರದೆಂದು ಬೆಳೆದವಳು. ನಾನು ಮೂರು ವಾರದ ಬಾಕಿ ಒಂದೇ ದಿನದಲ್ಲಿ ತೀರಿಸುವವನ ಹಾಗೆ, ಹತ್ತರಲ್ಲೊಂದಲ್ಲ, ಟ್ಯಾಂಕಿನ ಅರ್ಧಕ್ಕರ್ಧ ನೀರು ತೆಗೆದು ಅಳಿವೆಯ ನೀರು ತುಂಬಿಸಿದೆ. ಅನಿಮೋನಿನ ಬೆರಳುಗಳು ಆಗಲೇ ಸ್ವಲ್ಪ ಮುದುಡಿದ್ದವು. "ಹೊಸ ನೀರಲ್ವಾ, ನಾಳೆ ಸರಿ ಆಗ್ತದೆ" ಎಂದು ಹೊರಟು ಬಂದೆ.

ಬುಧವಾರ ಬೆಳಿಗ್ಗೆ ಏಳಕ್ಕೆ ಅವಳ ಫೋನು ಬಂತು. ಹೋಗಿ ನೋಡಿದರೆ ಟ್ಯಾಂಕ್ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಅನಿಮೋನ್ ಕರಗಿ ಲೋಳೆಯಾಗಿತ್ತು. ಅದು ಸತ್ತು ಕೊಳೆತರೆ ಇಡೀ ನೀರಿಗೆ ವಿಷ, ಉಪ್ಪಿನ ಪೆಟ್ಟು ತಾಳಿಕೊಂಡ ಮೀನು ಕೂಡ ಅಮೋನಿಯಾದಲ್ಲಿ ಉಳಿಯುವುದಿಲ್ಲ. ಜೋಡಿ ಮೀನು ಮಗ್ಗುಲಾಗಿ ಬಿದ್ದಿದ್ದವು. ಪಕ್ಕದ ಸಣ್ಣ ಟ್ಯಾಂಕಿನ ತಳದಲ್ಲಿ ಆ ನಲ್ವತ್ತೊಂದು — ಅದನ್ನು ನಾನು ಬರೆಯುವುದಿಲ್ಲ. ಅವಳು ಒಂದೊಂದನ್ನೇ ಎಣಿಸಿ ತಟ್ಟೆಯಲ್ಲಿಟ್ಟಿದ್ದಳು.

ಕೋಣೆಯಲ್ಲಿ ಎಲ್ಲರೂ ಇದ್ದರು. ಖಾದರಾಕ ಬನಿಯನ್ನಿನಲ್ಲಿ ನಿಂತಿದ್ದರು. ಅತ್ತೆ ಬೀಫಾತಿಮ್ಮ ಕುರ್ಚಿಯಲ್ಲಿ, ಅವರಿಗೆ ಮೊಣಕಾಲು ನೋವು. ಮೇಜಿನ ಮೇಲೆ ಒರಗಿಸಿಟ್ಟ ಮೊಬೈಲಿನಲ್ಲಿ ಜಮಾಲನ ಮುಖ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಫಿಯಾ ಕೇಳಿದಳು, "ಎಂತ ಆಯ್ತು ವಸಂತಣ್ಣ? ನೀರು..."

ಆ ಮಾತು ಪೂರ್ತಿಯಾಗಲು ನಾನು ಬಿಡಲಿಲ್ಲ.

"ನಿನ್ನೆ ನಾನು ಹೋದ ಮೇಲೆ ಟ್ಯಾಂಕಿಗೆ ಕೈ ಹಾಕಿದ್ರಾ? ಕೈಗೆ ಎಂತಾದ್ರೂ ಹಚ್ಚಿತ್ತಾ?"

ಸಂಜೆ ಕೈ ಹಾಕಿದ್ದಳು, ಮುದುಡಿದ ಅನಿಮೋನಿನ ಹತ್ತಿರದ ಕಲ್ಲು ಸರಿಸಲಿಕ್ಕೆ. ಅದಕ್ಕೆ ಮೊದಲು ಅತ್ತೆಯ ಕಾಲಿಗೆ ನೋವಿನ ಎಣ್ಣೆ ತಿಕ್ಕಿದ್ದಳು. "ಆದ್ರೆ ಸಾಬೂನಲ್ಲಿ ತೊಳೆದಿದ್ದೆ, ಮೂರು ಸಲ..." ಎಂದಳು. ಎಂದು, ತನ್ನ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿದಳು. ಬೆಳಿಗ್ಗೆಯೂ ಅತ್ತೆಗೆ ತಿಕ್ಕಿರಬೇಕು, ಎಣ್ಣೆಯ ಘಾಟು ನನಗೂ ಬಂತು.

"ಅದೇ," ಎಂದೆ ನಾನು. "ಎಣ್ಣೆ ಒಂದು ಹನಿ ಸಾಕು. ನಿಮ್ಮ ಕೈಯಿಂದ ಆದದ್ದು ಇದು."

ಅವಳು ಒಳಗೆ ಹೋದಳು. ನಳ್ಳಿ ಬಿಟ್ಟ ಶಬ್ದ ಕೇಳಿಸಿತು. ಕೈ ತೊಳೆಯುತ್ತಿದ್ದಳು. ತುಂಬಾ ಹೊತ್ತು ತೊಳೆದಳು, ಇನ್ನು ಎಂತ ತೊಳೆಯಲಿಕ್ಕೆ ಉಂಟು! ಆ ಹೊತ್ತಿನಲ್ಲಿ ನಾನು ಅವಳದ್ದೇ ಮೀಟರ್ ತೆಗೆದು, ಬಾಲ್ಕನಿಯ ಬೆಳಕಿಗೆ ಹಿಡಿದು ನೋಡಿದೆ. ಇಪ್ಪತ್ತಾರು. ಮೂವತ್ತೈದು ಇರಬೇಕಾದದ್ದು ಇಪ್ಪತ್ತಾರು. ಗಾಜು ಒರೆಸಿ ಡಬ್ಬಿಗೆ ಹಾಕಿದೆ. ಅವಳು ಬರುವಷ್ಟರಲ್ಲಿ ಪೈಪು ಬಿಟ್ಟು ಎರಡೂ ಟ್ಯಾಂಕ್ ಖಾಲಿ ಮಾಡಲಿಕ್ಕೆ ಶುರು ಮಾಡಿದ್ದೆ. "ವಿಷದ ನೀರು, ಇಡಬಾರದು" ಎಂದೆ. ಅವಳು ಅಳೆಯಬಾರದಲ್ಲ, ಅದಕ್ಕೆ.

ಖಾದರಾಕ ಗದರಿಸಲಿಲ್ಲ. ಗದರಿಸಿದ್ದರೆ ಅವಳಾದರೂ ಎದುರು ಮಾತಾಡುತ್ತಿದ್ದಳೋ ಏನೋ. "ಹೋಗ್ಲಿ ಬಿಡಿ, ಹುಡುಗಿಯ ಕೈ ತಪ್ಪಿತು, ಎಂತ ಮಾಡುದು" ಎಂದರು. ಪ್ರೀತಿಯಿಂದಲೇ ಅಂದದ್ದು. ಹಿಂದಿನ ಕೋಣೆಯ ಮಾತು ಆಮೇಲೆ ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಕೆಲವೇ ದಿನದಲ್ಲಿ ಅಲ್ಲಿ ಬಟ್ಟೆಯ ಥಾನು ತುಂಬಿಸಿದರು. ಬೀಫಾತಿಮ್ಮ ಮತ್ತೆ ಸೊಸೆಯ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲವಂತೆ. ತನ್ನ ಕಾಲಿನಿಂದಾಗಿ ಹುಡುಗಿಯ ಮೀನು ಹೋಯಿತು ಎಂದು ಆ ಹೆಂಗಸಿಗೂ ಒಂದು ಕೊರಗು. ನೋಡಿ, ಒಂದು ಸುಳ್ಳನ್ನು ನಾನು ಎಷ್ಟು ಜನಕ್ಕೆ ಹಂಚಿದೆ.

ಖಾದರಾಕ ಮೂರು ವರ್ಷದ ಹಿಂದೆ ತೀರಿಕೊಂಡರು. ಮಯ್ಯತ್ತಿಗೆ ಹೋಗಿದ್ದೆ. ಅವರ ಮುಖ ನೋಡಲಿಕ್ಕೆ ಆಗಲಿಲ್ಲ, ಗೇಟಿನ ಹತ್ತಿರವೇ ನಿಂತು ಬಂದೆ.

ಈಗ ಆ ಭಯದ ಹಿಂದೆ ಇದ್ದದ್ದು. ಇದನ್ನು ಬರೆಯಲಿಕ್ಕೆ ಪೆನ್ನು ಮುಂದೆ ಹೋಗುವುದಿಲ್ಲ, ಆದರೂ ಬರೆಯುತ್ತೇನೆ. ನನಗೆ ಹೊಟ್ಟೆಕಿಚ್ಚಿತ್ತು. ಹದಿನೈದು ವರ್ಷ ನಾನು ಮಾಡಲಾಗದ್ದನ್ನು ಈ ಹುಡುಗಿ, ಅದೂ ನನ್ನಿಂದಲೇ ಕಲಿತವಳು, ಐದು ತಿಂಗಳಲ್ಲಿ ಮಾಡಿದಳು. ಮರಿಗಳನ್ನು ತೋರಿಸಿ "ಎಲ್ಲಾ ನಿಮ್ಮಿಂದಲೇ ವಸಂತಣ್ಣ" ಎಂದಾಗ ನಗಾಡಿದೆ, ಒಳಗೆ ಉರಿಯುತ್ತಿತ್ತು. ಬೇಕೆಂದು ಕೆಟ್ಟ ನೀರು ಹಾಕಿದೆನಾ? ಇಲ್ಲ. ಅಷ್ಟು ನೀಚನಲ್ಲ ಎಂದು ನಂಬಿದ್ದೇನೆ. ಆದರೆ ಆ ಬುಧವಾರ ಆ ಬೆಳ್ಳಗಿನ ನೀರಿನ ಎದುರು ನಿಂತಾಗ, ಹೆದರಿಕೆಯ ಅಡಿಯಲ್ಲಿ, ಒಂದು ಕ್ಷಣ ಮನಸ್ಸು ಹಗುರಾಯಿತು. ಹಗುರಾಯಿತು — ಅದೇ ಶಬ್ದ, ಬೇರೆ ಇಲ್ಲ.

ಆಮೇಲೆ ನಾನು ಬದಲಾದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಯಾವ ಮನೆಯಲ್ಲೂ ಗಿರಾಕಿಯ ಎದುರೇ ಅಳೆದು ತೋರಿಸದೆ ಒಂದು ಬಕೆಟು ನೀರು ಹಾಕುವುದಿಲ್ಲ. ಮಳೆಗಾಲದಲ್ಲಿ ಪುಡಿ ಬೆರೆಸಿ, ಒಂದು ದಿನ ಗಾಳಿಯಾಡಿಸಿಯೇ ತರುತ್ತೇನೆ. ಬೇರೆ ಇಪ್ಪತ್ತು ಮನೆಯ ಮೀನು ಚೆನ್ನಾಗಿವೆ. ಆದರೆ ಅದರಿಂದ ಸಫಿಯಾಳಿಗೆ ಎಂತ ಬಂತು?

ಕಳೆದ ತಿಂಗಳು ಬಲ್ಮಠದ ಒಬ್ಬ ಟೀಚರು ಮೂರು ವಾರ ಮಗಳ ಮನೆಗೆ ಹೋಗಲಿಕ್ಕುಂಟು, ದಿನಾ ಬಂದು ಟ್ಯಾಂಕ್ ನೋಡುವವರು ಯಾರಾದರೂ ಇದ್ದಾರಾ ಎಂದು ಕೇಳಿದರು. ನನಗೆ ನೆನಪಾದದ್ದು ಸಫಿಯಾ. ಅವಳಿಗೆ ಮತ್ತೆ ಶುರು ಮಾಡಲಿಕ್ಕೆ ಒಂದು ದಾರಿಯಾದೀತು, ನನಗೂ ಸತ್ಯ ಹೇಳದೆ ಸಾಲ ತೀರಿಸಿದ ಹಾಗಾದೀತು. ಎಂಥಾ ಜಾಣ ನೋಡಿ! ಫೋನು ಮಾಡಿದೆ.

"ಬೇಡ ವಸಂತಣ್ಣ," ಎಂದಳು. ಸಿಟ್ಟಿಲ್ಲ, ಬೇಸರವೂ ಇಲ್ಲ. ಇವತ್ತು ಕರೆಂಟಿಲ್ಲ ಅನ್ನುವ ಹಾಗೆ ಹೇಳಿದಳು. "ನನ್ನ ಕೈಯಲ್ಲಿ ಮೀನು ಉಳಿಯುದಿಲ್ಲ. ನಿಮಗೆ ಗೊತ್ತುಂಟಲ್ಲ."

ನನಗೆ ಗೊತ್ತುಂಟಲ್ಲ! ಗೊತ್ತಿದ್ದದ್ದು ಇಡೀ ಲೋಕದಲ್ಲಿ ನನಗೊಬ್ಬನಿಗೇ.

ಎರಡು ವಾರ ಒದ್ದಾಡಿದೆ. ಮೊನ್ನೆ ಸೋಮವಾರ ಮಧ್ಯಾಹ್ನ ಹೋಗಿ ಬೆಲ್ ಒತ್ತಿದೆ. ಅತ್ತೆ ಮಲಗಿದ್ದರು. ಬಾಗಿಲ ಹತ್ತಿರ ನಿಂತೇ ಎಲ್ಲ ಹೇಳಿದೆ, ಹೋಟೆಲು, ಅಳಿವೆ, ನಾಲಗೆ, ಹೊಟ್ಟೆಕಿಚ್ಚು ಸಹ. ಅವಳು ಬಾಗಿಲ ಚಿಲಕ ಹಿಡಿದುಕೊಂಡು ಕೇಳಿದಳು. ಮುಗಿದ ಮೇಲೆ ಅವಳ ಮೊದಲ ಪ್ರಶ್ನೆ ಎರಡೇ ಶಬ್ದದ್ದು.

"ಎಷ್ಟಿತ್ತು ಉಪ್ಪು?"

"ಇಪ್ಪತ್ತಾರು."

"ನೀವು ಯಾವಾಗ ಅಳೆದದ್ದು?"

"ನೀವು ಕೈ ತೊಳೀಲಿಕ್ಕೆ ಹೋಗಿದ್ರಲ್ಲ... ಆಗ."

ಅವಳು ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಅದು ನಾನು ಕಂಡಿದ್ದ ನಾಚುವ ಹುಡುಗಿಯ ಕಣ್ಣಲ್ಲ. "ಎಂಟು ವರ್ಷ ವಸಂತಣ್ಣ. ಜಮಾಲ್ ಎರಡು ಸಲ ಟ್ಯಾಂಕ್ ತೆಗೆದುಕೊಡ್ತೇನೆ ಅಂದ್ರು, ನಾನೇ ಬೇಡ ಅಂದೆ. ಎಂಟು ವರ್ಷ ನಾನು..." ಎಂದು ನಿಲ್ಲಿಸಿದಳು. ನಾನು ಕೈ ಮುಗಿದು, ಕ್ಷಮಿಸಿ ಎಂದು ಬಾಯಿ ತೆರೆದೆ.

"ಅದು ಬೇಡ," ಎಂದಳು. "ಕ್ಷಮೆ ಕೇಳ್ಲಿಕ್ಕೆ ಬರ್ಬೇಡಿ. ಜಮಾಲ್ ರಜೆಯಲ್ಲಿ ಬರ್ತಿದ್ದಾರೆ. ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ಎಲ್ಲರೂ ಇರ್ತಾರೆ. ಆಗ ಬನ್ನಿ, ನೀರಿನ ವಿಷಯ ಹೇಳ್ಲಿಕ್ಕೆ ಬನ್ನಿ. ನನಗೊಬ್ಬಳಿಗೆ ಹೇಳಿ ಎಂತ ಪ್ರಯೋಜನ? ಅವತ್ತು ನೀವು ನನಗೊಬ್ಬಳಿಗೆ ಹೇಳಿದ್ದಲ್ಲವಲ್ಲ."

ಬಾಗಿಲು ಹಾಕಿಕೊಂಡಳು. ಬಡಿದು ಹಾಕಲಿಲ್ಲ, ಮೆಲ್ಲಗೆ ಹಾಕಿದಳು.

ಇವತ್ತು ಗುರುವಾರ. ಇದನ್ನು ಬರೆಯಲಿಕ್ಕೆ ಕೂತದ್ದೇ ನಾಳೆ ಬಾಯಿ ಜಾರಬಾರದೆಂದು. ಮಳೆ ಅಂತ ಹೇಳುವುದಿಲ್ಲ. ಬೋಟಿಗೆ ರಜೆ ಇತ್ತು ಅಂತ ಹೇಳುವುದಿಲ್ಲ. ಗಿರಾಕಿಗಳು ಬಿಟ್ಟುಹೋಗುತ್ತಾರೋ, ಹೋಗಲಿ. ಜಮಾಲ್ ಕೈ ಎತ್ತಿದರೆ, ಎತ್ತಲಿ. ಬೀಫಾತಿಮ್ಮ ಅತ್ತರೆ ಸಮಾಧಾನ ಹೇಳುವ ಅಧಿಕಾರವೂ ನನಗಿಲ್ಲ, ಸುಮ್ಮನೆ ನಿಂತಿರುತ್ತೇನೆ. ಖಾದರಾಕನಿಗೆ ಹೇಳುವ ಕಾಲ ಮುಗಿದುಹೋಯಿತು. ಸೊಸೆಯ ಕೈ ತಪ್ಪಿತೆಂದು ನಂಬಿಯೇ ಹೋದರು ಆ ಮನುಷ್ಯ, ಅದನ್ನು ನಾನು ಯಾವ ಜನ್ಮದಲ್ಲೂ ಸರಿ ಮಾಡಲಿಕ್ಕಿಲ್ಲ.

ಉಳಿದವರಿಗೆ ಹೇಳುತ್ತೇನೆ. ಕೂತುಕೊಳ್ಳಿ ಎಂದರೆ ಕೂರುವುದಿಲ್ಲ, ಚಹಾ ಕೊಟ್ಟರೆ ಕುಡಿಯುವುದಿಲ್ಲ. ಹೇಳಲಿಕ್ಕಿರುವುದು ಮೂರೇ ಮಾತು. ನೀರು ಕೆಟ್ಟದ್ದಿತ್ತು. ನಾನು ತಂದದ್ದು. ನನಗೆ ಗೊತ್ತಿತ್ತು.